ತೋಪಿಗೆ ಹೋದ ಗಾದಿಯ ಹತ್ತಿ

ಆಗ ನನಗೆ ಎಪ್ಪತ್ತೆರಡು. ಎರಡು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಮನುಷ್ಯರಿಗೆ ಬುದ್ಧಿ ಬಂದಿರುತ್ತದೆ ಎಂದು ಎಳೆಯರು ತಿಳಿದಿರುತ್ತಾರೆ. ಬರುವುದು ಬುದ್ಧಿಯಲ್ಲ, ಮೊಣಕಾಲು ನೋವು, ಜೊತೆಗೆ ತನಗೆ ಎಲ್ಲ ಗೊತ್ತು ಎಂಬ ಧೈರ್ಯ. ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೆ ಧಾರವಾಡದ ಕಡೆ ಎರೆಹೊಲದಲ್ಲಿ ಹತ್ತಿ ಬಿಡಿಸಿ ಬೆಳೆದವಳು, ಆ ವಿಷಯದಲ್ಲಿ ಯಾರಿಂದಲೂ ಹೇಳಿಸಿಕೊಳ್ಳುವವಳಲ್ಲ. ಯಜಮಾನರಿಗೆ ರೈಲ್ವೆ ನೌಕರಿ ಎಂದು ಅಹಮದಾಬಾದಿಗೆ ಬಂದೆವು. ಅವರು ತೀರಿಹೋದರು, ನಾನು ಅಲ್ಲೇ ನರೋಡಾದಲ್ಲಿ ಮಗನ ಮನೆಯಲ್ಲಿ ಉಳಿದೆ.

ಮೊಮ್ಮಗಳು ರೂಪಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಹೊಸ ಗಾದಿ ಆಗಬೇಕು, ಹತ್ತಿಯದು. ಸೊಸೆ ಫೋನಿನಲ್ಲೇ ಸ್ಪಂಜಿನದು ತರಿಸುತ್ತೇನೆ ಎಂದಳು. "ಸ್ಪಂಜ ಇರೋದು ಭಾಂಡೆ ತಿಕ್ಕಲಿಕ್ಕೆ. ಬಾಣಂತಿ ಬೆನ್ನಿಗಲ್ಲ" ಎಂದು ಹೇಳಿ ನಾನೇ ಇಸ್ಮಾಯಿಲನ ಅಂಗಡಿಗೆ ಹೋಗಿ ಹೇಳಿ ಬಂದೆ. ಇಪ್ಪತ್ತೈದು ವರ್ಷದಿಂದ ನಮ್ಮ ಸೊಸೈಟಿಯ ಮನೆಗಳ ಗಾದಿ, ರಜಾಯಿಗಳಿಗೆಲ್ಲ ಹತ್ತಿ ಹಿಂಜಿ ತುಂಬಿದವನು ಅವನೇ.

ಗಾದಿ ಬಂತು. ತಾರಸಿಯ ಮೇಲೆ ಬಿಸಿಲಿಗೆ ಹಾಕಿದೆ. ಹತ್ತಿಯ ಗಾದಿ ಬಿಸಿಲಿಗೆ ಉಬ್ಬುತ್ತದೆ. ಇದು ಮದುವೆಯೂಟ ಉಂಡು ಬಿದ್ದುಕೊಂಡ ಬೀಗರ ಹಾಗೆ ಅಲುಗಲಿಲ್ಲ. ಮೂಲೆಯ ಹೊಲಿಗೆ ಬಿಚ್ಚಿದರೆ ಒಳಗೆ ಮಿರಮಿರ ಮಿಂಚುವ ಪಾಲಿಯೆಸ್ಟರ್ ನೂಲಿನ ಕಸ, ಸೂರತ್ತಿನ ಗಿರಣಿಗಳಿಂದ ಬರುತ್ತದಲ್ಲ, ಅದು. ಒಂದು ಹಿಡಿ ಕಿತ್ತುಕೊಂಡು ಅಂಗಡಿಗೆ ನಡೆದೆ. ಮಾತು ನಡೆದದ್ದು ಹಿಂದಿಯಲ್ಲಿ; ನನ್ನ ಹಿಂದಿಯನ್ನು ಬರೆಯದಿರುವುದೇ ಮೇಲು.

"ಇದೇನಿದು ಇಸ್ಮಾಯಿಲ್?"

"ಮಾಸೀ, ಗಾದಿ ಹತ್ತಿ ಬರ್ತಾ ಇಲ್ಲ. ನಿಮ್ಮ ಸೊಸೆಗೆ ಫೋನ್ ಮಾಡಿ ಕೇಳಿಯೇ ಇದನ್ನ ತುಂಬಿದ್ದು. ಹತ್ತಿಯೆಲ್ಲ ಬಾರೂದಿಗೆ ಹೋಗ್ತಾ ಇದೆ, ತೋಪಿನ ಮದ್ದಿಗೆ."

"ಹೌದಾ? ಮದ್ದು ಸಾಲದಿದ್ದರೆ ದಿಂಬನ್ನೂ ಹಾಕಿ ಹಾರಿಸ್ತಾರೇನು?"

ಅವನು ನಗಲಿಲ್ಲ. "ಬೇಡವಾದರೆ ವಾಪಸ್ ಕೊಡಿ ಮಾಸೀ" ಎಂದ. ನಾನು ಕೊಡಲಿಲ್ಲ. ಸಾಕ್ಷಿ ಬೇಕಲ್ಲ. ಸೊಸೆಯನ್ನು ಕೇಳಲೂ ಹೋಗಲಿಲ್ಲ.

ಸಂಜೆ ಕೆಳಗಿನ ಬೆಂಚಿನ ಮೇಲೆ ಪಕ್ಕದ ಮನೆಯ ಹಂಸಾಬೆನ್ ಮತ್ತು ನಾಲ್ಕೈದು ಹೆಂಗಸರಿಗೆ, ಕಳ್ಳ ಹತ್ತಿ ನುಂಗಿ ತೋಪಿನ ಹೆಸರು ಹೇಳುತ್ತಾನೆ ಎಂದು, ನನ್ನ ಅದೇ ಹಿಂದಿಯಲ್ಲಿ ಈ ಕಥೆ ಹೇಳಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನ್ನ ಮಾತಿಗೆ ಜನ ಅಷ್ಟು ನಕ್ಕದ್ದು ಅದೇ ಮೊದಲು. ಮರುದಿನ ಸ್ವಲ್ಪ ಸೇರಿಸಿ ಹೇಳಿದೆ, ಮೂರನೆಯ ದಿನಕ್ಕೆ ಗಡಿಯ ಸಿಪಾಯಿಗಳು ತೋಪಿನ ಗುಂಡಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ಚಳಿಗಾಲ ಹತ್ತಿರ ಬಂದಿತ್ತು, ಎಲ್ಲರ ಮನೆಯ ರಜಾಯಿಗಳೂ ಹಿಂಜಲು ಹೋಗುವ ಕಾಲ. "ನಮ್ಮ ಹತ್ತಿಯನ್ನೂ ತೋಪಿಗೆ ಕಳಿಸಿಬಿಟ್ಟಾನು" ಎಂದು ಯಾರೂ ಅವನ ಹತ್ತಿರ ಹೋಗಲಿಲ್ಲ. ಹದಿನೈದು ದಿನಕ್ಕೆ ಅವನ ಯಂತ್ರ ನಿಂತಿತು. ಅಂಗಡಿ ಬಿಟ್ಟುಕೊಡುತ್ತಾನಂತೆ ಎಂದು ಹಂಸಾಬೆನ್ ಹೇಳಿದಾಗ, ಸುಳ್ಳೇಕೆ, ಆಗಲಿ ಎಂದೇ ಅಂದುಕೊಂಡೆ.

ಮಗ ಪ್ರಕಾಶ ವಿಮಾ ಕಂಪನಿಯವನು. ಹತ್ತಿಬೀಜದ ಎಣ್ಣೆ ಗಿರಣಿಗಳ ದಾಸ್ತಾನು ನೋಡಿ ಬರುವುದು ಅವನ ಕೆಲಸ. ಒಂದು ದಿನ ಊಟಕ್ಕೆ ಕೂತಾಗ ರೂಪಾಗೆ ನಾನು ಅದೇ ಕಥೆ ಹೇಳುತ್ತಿದ್ದೆ. ಅವನು ತುತ್ತು ಕೆಳಗಿಟ್ಟ.

"ಅವ್ವಾ, ಅವ ಖರೇ ಹೇಳ್ಯಾನ. ಬೀಜಕ್ಕ ಅಂಟಿದ ಸಣ್ಣ ಹತ್ತಿ ಇರ್ತದಲ್ಲ, ಅದನ್ನ ಗಿರಣ್ಯಾಗ ಕೆರೆದು ತಗೀತಾರ. ಮೊದಲ ಗಾದಿಯವರು ಒಯ್ತಿದ್ರು. ಅದನ್ನ ಆಸಿಡ್ಡಿನ್ಯಾಗ ಹಾಕಿದ್ರ ತೋಪಿನ ಮದ್ದಾಗ್ತದ. ಹೊರಗ ಯುದ್ಧ, ಒಳಗ ಮಿಲಿಟರಿ ಆರ್ಡರು. ಗಾದಿಗೆ ಎಲ್ಲಿಂದ ಉಳೀಬೇಕು?"

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ? ನೀ ಬರೇ ಹೇಳಾಕತ್ತಿದ್ದಿ."

ರೂಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜೀ, ಈಗ ಕಳ್ಳ ಯಾರು?" ನಾನು ಮಜ್ಜಿಗೆ ಅನ್ನ ಕಲಸಿದೆ. ದೇಶಕ್ಕೆ ತೋಪು ಬೇಡವೆಂದು ನಾನು ಹೇಳುವುದಿಲ್ಲ. ಟಿವಿಯಲ್ಲಿ ತೋಪು ಹಾರಿಸಿದಾಗ ಮನೆಯಲ್ಲಿ ಮೊದಲು ಚಪ್ಪಾಳೆ ತಟ್ಟುವವಳು ನಾನೇ. ಆದರೆ ತೋಪೂ ತಿನ್ನುತ್ತದೆ, ತಿನ್ನುವುದು ನಮ್ಮ ಬೆನ್ನ ಕೆಳಗಿನದನ್ನೇ ಎಂದು ತಿಳಿದಿರಲಿಲ್ಲ. ತಿಳಿದವನೊಬ್ಬ ಹೇಳಿದ್ದ. ಅವನ ಅಂಗಡಿ ಮುಚ್ಚಿಸಲು ಹೊರಟಿದ್ದೆ.

ನಲವತ್ತು ವರ್ಷ ಗುಜರಾತಿನಲ್ಲಿದ್ದು ಕ್ಷಮೆ ಕೇಳುವಷ್ಟು ಗುಜರಾತಿ ನಾನು ಕಲಿಯಲಿಲ್ಲ. ಕನ್ನಡದಲ್ಲೂ ಅಭ್ಯಾಸವಿಲ್ಲ. ಮರುದಿನ ಬೆಳಿಗ್ಗೆ, ಹೆಂಗಸರೆಲ್ಲ ಹಾಲಿಗೆ ನಿಂತ ಹೊತ್ತಿಗೆ, ನಾನು ಮಲಗುವ ಹಳೆಯ ಹತ್ತಿಯ ಗಾದಿಯನ್ನು ಸುತ್ತಿ, ಅವರ ಮುಂದೆಯೇ ಎಳೆದುಕೊಂಡು ಹೊರಟೆ. "ತೋಪಿಗೇನು?" ಎಂದಳು ಹಂಸಾಬೆನ್. "ಇಸ್ಮಾಯಿಲನ ಹತ್ತಿರ. ಅವನು ಹೇಳಿದ್ದು ನಿಜ, ಕಥೆ ಕಟ್ಟಿದ್ದು ನಾನು" ಎಂದೆ. ಅಂಗಡಿಯಲ್ಲಿ ಗಾದಿಯನ್ನು ಅವನ ಮುಂದೆ ಹಾಕಿ, ಇದನ್ನೇ ಹಿಂಜಿ ಬಾಣಂತಿಗೆ ಮಾಡಿಕೊಡು, ಆ ಸೂರತ್ತಿನದು ನನಗಿರಲಿ ಎಂದೆ. ಅವನು ಹೊಲಿಗೆ ಬಿಚ್ಚಿ ಯಂತ್ರ ಶುರು ಮಾಡಿದ. ನಾನು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ದಾರಿಯಲ್ಲಿ ಹೋದ ನಮ್ಮ ಸೊಸೈಟಿಯವರನ್ನೆಲ್ಲ ಕರೆದು ಮಧ್ಯಾಹ್ನದವರೆಗೆ ನಿಜವಾದ ಕಥೆ ಹೇಳಿದೆ. ಒಬ್ಬರೂ ನಗಲಿಲ್ಲ, ಅರ್ಧಕ್ಕಿಂತ ಹೆಚ್ಚು ಯಾರೂ ಕೇಳಲೂ ಇಲ್ಲ.