ನನ್ನ ಆಧಾರಕ್ಕ ಕಾಕಾನ ಕಾವಲು

ನೌಕರಿ ಹುಡುಕೂದು ಬ್ಯಾಸರದ ಕೆಲಸ ಅಂತಾರ ಮಂದಿ. ನಮ್ಮ ಮನ್ಯಾಗ ಹಂಗೇನಿಲ್ರಿ. ನಮ್ಮ ಕಾಕಾ ಇರೂತನಕಾ ನಗೂದಕ್ಕೇನೂ ಕಡಿಮಿ ಇಲ್ಲ.

ಕಾಕಾ ಅಂದ್ರ ಅಪ್ಪನ ತಮ್ಮ. ಹುಬ್ಬಳ್ಳಿ ಮಾರ್ಕೆಟ್‌ನ್ಯಾಗ ರೈತರ ಹತ್ತಿ ಮಾರಿಸಿಕೊಡೂ ಅಡತಿ ಅಂಗಡಿ ನಡಸಿದಾಂವ. ಈಗ ಅಂಗಡಿ ಮಗನ ಕೈಗೆ ಕೊಟ್ಟು ನವನಗರದಾಗ ನಮ್ಮ ಬಾಜೂ ಮನ್ಯಾಗ ಆರಾಮ ಅದಾನ. ನಾನು ಎಂ.ಕಾಂ. ಮುಗಿಸಿ ನೌಕರಿ ಹುಡುಕಾಕತ್ತಾಕಿ. ನೌಕರಿ ಹುಡುಕೋರ ಆಧಾರ್ ಇಸಕೊಂಡು ಅವರ ಹೆಸರಿಲೆ ಕಳ್ಳರು ಸಿಮ್ ತಗೋತಾರಂತ ಕಾಕಾ ಪೇಪರಿನ್ಯಾಗ ಓದಿದ ನೋಡ್ರಿ, ಮುಗೀತು. ನನ್ನ ಆಧಾರ್ ತನ್ನ ಕಣ್ಣ ತಪ್ಪಿಸಿ ಹೊಸ್ತಲಾ ದಾಟಬಾರದಂತ ಹುಕುಂ ಮಾಡಿದ.

ಮಾರಿ ಇಲ್ಲದ ಝೆರಾಕ್ಸ್

ಹುಬ್ಬಳ್ಳಿಯ ಒಂದು ಬೀಜದ ಕಂಪನಿಯಿಂದ ಸಂದರ್ಶನಕ್ಕ ಕರಿ ಬಂತು. ಲೆಕ್ಕದ ವಿಭಾಗ, ಮನಿಗೂ ಹತ್ತರ. ಈ ನೌಕರಿ ಸಿಕ್ರ ಸಾಕಪ್ಪಾ ಅಂತ ನನಗ ಜೀವಾನ ಹತ್ತಿತ್ತು.

ಆಧಾರದ ಝೆರಾಕ್ಸ್ ಯಾಕ ಕೊಟ್ಟೇವಿ ಅಂತ ಅದರ ಮ್ಯಾಲೇ ಅಡ್ಡ ಬರಿಬೇಕು, ಅಂದ್ರ ಬ್ಯಾರೆ ಕಡೆ ನಡಿಯಂಗಿಲ್ಲಂತ ಕಾಕಾಗ ಯಾರೋ ಹೇಳಿದ್ರು. ಮಾತು ಖರೇನ. ಆದ್ರ ಹತ್ತಿ ತುಂಬಿದ ಅಂಡಿಗಿ ಚೀಲಕ್ಕ ಮಾರ್ಕಾ ಹೊಡದ ಕೈ ಅದು, ಸಣ್ಣ ಪೆನ್ನು ಹಿಡೀತೈತೇನು? ದಪ್ಪ ಮಾರ್ಕರ್ ತಗೊಂಡು 'ನೌಕರಿಗಷ್ಟೇ' ಅಂತ ಮೂಲಿಯಿಂದ ಮೂಲಿಗೆ ಎಳದ. ಲಗೂ ಹೋಗೂ ಗಡಿಬಿಡ್ಯಾಗ ನಾನೂ ನೋಡಲಿಲ್ಲ.

ಸಂದರ್ಶನದಾಗ ಮೇಡಂ ಕಾಗದಾ ಹಿಂದಮುಂದ ಮಾಡಿ ನೋಡಿದ್ರು. ಮಾರ್ಕರ್ ಫೋಟೋದಾಗಿನ ನನ್ನ ಮಾರೀನ ನುಂಗಿತ್ತು. ಒಂದು ಕಿವಿ ಅಷ್ಟ ಉಳದಿತ್ತು. ನೀವ ಅಂತ ಹೆಂಗ ನಂಬೂದ್ರಿ ಅಂದ್ರು. ನಾ ಕೂದಲಾ ಸರಿಸಿ ಕಿವಿ ತೋರಿಸಿದ್ನಿ.

ಎಚ್ಚರಿಕಿ ಮಾತು

ಫೋನ್ ಮಾಡ್ತೇವಿ ಅಂದಿದ್ರು. ಫೋನ್ ಬಂದೇಬಿಡ್ತು. ನೀವು ಆಯ್ಕೆ ಆಗೀರಿ, ನಿಮ್ಮ ಮೊಬೈಲಿಗೆ ಬಂದ ಓಟಿಪಿ ಹೇಳ್ರಿ ಅಂದ ಒಬ್ಬಾಂವ. ಖುಷಿ ಒಳಗ ನಾ ಹೇಳೇಬಿಡ್ತಿದ್ನಿ, ಅಷ್ಟರಾಗ ಬಾಜೂ ಕುಂತಿದ್ದ ಕಾಕಾ ಫೋನ್ ಕಸಗೊಂಡು ಸ್ಪೀಕರ್ ಹಾಕಿದ.

ಮಾರ್ಕೆಟ್‌ನ್ಯಾಗ ಹೊಸಬರು ಮಾಲು ತಂದ್ರ ಕಾಕಾ ಮೊದಲ ಮಾಲು ನೋಡ್ತಿದ್ದಿಲ್ಲ. ಯಾವೂರು, ಯಾರ ಪೈಕಿ, ಇಲ್ಲೆ ನಿಮ್ಮ ಗುರ್ತು ಹೇಳೋರು ಯಾರು ಅಂತ ಕೇಳತಿದ್ದ. ಇವಗೂ ಅದನ್ನ ಕೇಳಿದ. ಅಂವ ಹೆಡ್ ಆಫೀಸು ಅಂದ. ಅದು ಆಫೀಸಾತು, ಊರು ಯಾವ್ದೋ ತಮ್ಮಾ, ನಿಮ್ಮ ಅಪ್ಪನ ಹೆಸರೇನು, ಲಗ್ನ ಆಗೇತೇನು ಅಂತ ಕಾಕಾ ಬಿಡಲೇ ಇಲ್ಲ. ಕಡೀಕ ಅಂವ ರೋಸಿಹೋಗಿ ಅಂದ:

"ಅಂಕಲ್, ಗುರ್ತಿಲ್ಲದವರಿಗೆ ಫೋನಿನ್ಯಾಗ ಮನಿ ಮಾಹಿತಿ ಯಾರರ ಹೇಳ್ತಾರೇನ್ರಿ?"

ಅಂದಾಂವನ ಫೋನ್ ಇಟ್ಟ. ಕಳ್ಳ ಆದ್ರೂ ಹುಡುಗ ಶ್ಯಾಣ್ಯಾ ಅದಾನ ಅಂದ ಕಾಕಾ.

ಪಾಸಾದ ಆಫೀಸು

ಮುಂದ ನಾಕ ದಿನಕ್ಕ ಖರೇ ಕಂಪನಿ ಫೋನ್ ಬಂತು. ನಾ ಜಳಕಕ್ಕ ಹೋಗಿದ್ನಿ. ಹೊರಗ ಬಂದ್ರ ಕಾಕಾ ನನ್ನ ಫೋನ್ ಹಿಡಕೊಂಡು ಅಗದೀ ಸಂತೋಷಲೆ ಕುಂತಾನ.

"ನಿನ್ನ ಆಫೀಸು ಪಾಸಾತವಾ," ಅಂದ.

ಫೋನ್ ಮಾಡಿದಾಕಿ ಸಂದರ್ಶನದ ಮೇಡಂ; ಅವರಿಗೂ ಯಾವೂರು ಅಂತ ಕೇಳಿದ್ದ, ಅಮ್ಮಿನಬಾವಿ ಅಂದ್ರಂತ. ಅವರ ಸ್ವಾದರಮಾವ ಹಿಂದ ಕಾಕಾನ ಅಂಗಡಿಗೇ ಹತ್ತಿ ತರ್ತಿದ್ನಂತ. ಅಷ್ಟಕ್ಕ ಬಿಡದ ಕಾಕಾ ಆ ಮಾವಗ ತನ್ನ ಫೋನಿನಿಂದ ಫೋನ್ ಹಚ್ಚಿ, ಹುಡುಗಿ ಖರೇ ನಿಮ್ಮಾಕಿನ ಏನು ಅಂತ ಖಾತ್ರಿ ಮಾಡಿಕೊಂಡಿದ್ದ. ಅಲ್ಲಿತನಕಾ ಮೇಡಂ ಲೈನಿನ್ಯಾಗ ಕಾದಿದ್ರು. ಕೈಗೆ ಬಂದ ನೌಕರಿ ಹೋತಲ್ಲೋ ಕಾಕಾ ಅಂತ ಅಳಕೋತ ಮೇಡಂಗ ತಿರುಗಿ ಫೋನ್ ಮಾಡಿದ್ನಿ.

"ನಾವು ನಿಮ್ಮ ವಿಚಾರಣಿ ಮಾಡಬೇಕಿತ್ತು, ನಿಮ್ಮ ಕಾಕಾನೇ ನಮ್ಮದು ಮಾಡಿಬಿಟ್ರು," ಅಂತ ನಕ್ಕರು ಮೇಡಂ. "ಸೋಮವಾರ ಬರ್ರಿ. ಕಾಗದಾ ಅಸಲಿ ತರ್ರಿ, ಕಿವಿ ನಡಿಯಂಗಿಲ್ಲ."

ಸೋಮವಾರ ಕಾಕಾನ ಸ್ಕೂಟರ್ ಮ್ಯಾಲೆ ಹೋದ್ನಿ. ನನ್ನ ಕಾಗದಾ ನೋಡಿ ಗೇಟಿನಾಂವ ಒಳಗ ಬಿಟ್ಟ. ನಾನೂ ಒಳಗ ಬರ್ತೇನಿ ಅಂದ ಕಾಕಾ. ನಿಮ್ಮ ಗುರ್ತಿನ ಚೀಟಿ ತೋರಸ್ರಿ ಅಂದ ಗೇಟಿನಾಂವ. ಕಾಕಾ ಕಿಸೇದಿಂದ ತನ್ನ ಆಧಾರದ ಝೆರಾಕ್ಸ್ ತಗದ. ಅದರ ಮ್ಯಾಲೂ ಮಾರ್ಕರ್! ಇದರಾಗ ಕಿವೀನೂ ಉಳದಿದ್ದಿಲ್ಲ.

"ಇದರಾಗ ಮಾರೀನ ಇಲ್ಲಲ್ರಿ ಯಜಮಾನ್ರ. ಹೋಗ್ಲಿ, ಯಾವೂರು ನಿಮ್ದು? ಯಾರ ಪೈಕಿ?"

ಕಾಕಾ ಝೆರಾಕ್ಸ್ ಮಡಚಿ ಕಿಸೇದಾಗ ಇಟ್ಟುಕೊಂಡ.

"ಅದನ್ನ ಗುರ್ತಿಲ್ಲದವರಿಗೆ ಹೇಳಂಗಿಲ್ಲ," ಅಂದು ಸ್ಕೂಟರ್ ತಿರುವಿದ.