ಟಿ.ವಿ. ಕಾರ್ಡಿಗೆ ನಾನು ಮದ್ದು ಅರೆದದ್ದು

ಯಂತ್ರಗಳ ವಿಷಯದಲ್ಲಿ ನನ್ನ ಕೈಗುಣ ಒಳ್ಳೆಯದು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಏಕೆಂದರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಹಾಲಿನಲ್ಲಿದ್ದ ಹಳೆಯ ಟಿ.ವಿ. ಕಣ್ಣು ಮುಚ್ಚಿದಾಗ (ಅದನ್ನು ಕೊನೆಯ ಸಲ ಬಿಚ್ಚಿದ್ದು ನಾನೇ ಎಂಬ ಮಾತು ಇಲ್ಲಿ ಅಪ್ರಸ್ತುತ) ಹೊಸದನ್ನು ತರದೆ, ಕಂಪ್ಯೂಟರಿನ ಹೊಟ್ಟೆಯೊಳಗೆ ಟಿ.ವಿ. ಕಾರ್ಡು ಕೂರಿಸಿದ ಧೀರ ನಾನು. ಅಂಗೈಯಗಲದ ಹಸಿರು ಹಲಗೆ. ಅದಕ್ಕೆ ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರೇ ಟಿ.ವಿ.; ಬೇಕಾದ ಕಾರ್ಯಕ್ರಮವನ್ನು ರೆಕಾರ್ಡೂ ಮಾಡಿಕೊಳ್ಳಬಹುದು. ಒಂದೇ ಒಂದು ಸಣ್ಣ ಊನವೆಂದರೆ, ಹತ್ತು ನಿಮಿಷಕ್ಕೊಮ್ಮೆ ಚಿತ್ರ ಕಲ್ಲಾಗಿ ನಿಲ್ಲುತ್ತಿತ್ತು. ವಾರ್ತೆ ಓದುವವಳು ಬಾಯಿ ತೆರೆದರೆ ತೆರೆದೇ ಇರುತ್ತಿದ್ದಳು.

ಹೀಗಿರುವಾಗ ನನ್ನ ಹೆಂಡತಿಗೆ ಟಿ.ವಿ.ಯವರಿಂದ ಕರೆ ಬಂತು. ಅವಳು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಚೀಲ ಹೊಲಿಯುತ್ತಾಳೆ. ಅದನ್ನು ಇಪ್ಪತ್ತು ನಿಮಿಷ ಹೇಳಿಕೊಡಬೇಕು, ಶನಿವಾರ ಮೂರು ಗಂಟೆಗೆ, ನೇರಪ್ರಸಾರ. ಮರುಪ್ರಸಾರ ಇಲ್ಲ, ಪ್ರತಿ ಕೊಡುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟರು. ಅಂದರೆ ಅವಳು ತನ್ನನ್ನು ತಾನು ನೋಡಬೇಕಾದರೆ ಯಾರಾದರೂ ರೆಕಾರ್ಡ್ ಮಾಡಲೇಬೇಕು. ಎರಡು ವಾರ ಕನ್ನಡಿಯ ಮುಂದೆ ನಿಂತು ಅವಳು ಮಾತನ್ನೆಲ್ಲ ಬಾಯಿಪಾಠ ಮಾಡಿದಳು.

"ರೀ, ಎದುರುಮನೆಯವರು ರೆಕಾರ್ಡ್ ಮಾಡಿಕೊಡ್ತೀನಿ ಅಂದಿದಾರೆ," ಎಂದಳು.

"ಅವನಾ? ಗೋಡೆ ಗಡಿಯಾರಕ್ಕೆ ಸೆಲ್ಲು ಹಾಕೋಕೆ ಬರಲ್ಲ ಅವನಿಗೆ. ಮನೇಲಿ ನಾನಿಲ್ವಾ?"

"ನೀವಿದೀರಿ ಅಂತಲೇ ಅವರನ್ನ ಕೇಳಿದ್ದು."

ಈ ಮಾತು ನನ್ನನ್ನು ಕೆಣಕಿತು; ಎದುರುಮನೆಗೆ ಹೋಗಿ ರೆಕಾರ್ಡು ಬೇಡವೆಂದು ಹೇಳಿಬಂದೆ. ಅಂದೇ 'ರೋಗಿಯ ದಿನಚರಿ' ಎಂದು ಒಂದು ನೋಟ್‌ಬುಕ್ ತೆರೆದೆ. ಕಾರ್ಡನ್ನು ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ. ಪಕ್ಕದ ಗೂಡಿಗೆ ಸ್ಥಳಾಂತರಿಸಿದೆ. ಸಾಫ್ಟ್‌ವೇರನ್ನು ಮೂರು ಸಲ ತೆಗೆದು ನಾಲ್ಕು ಸಲ ಹಾಕಿದೆ (ಲೆಕ್ಕ ಎಲ್ಲಿ ತಪ್ಪಿತೋ ತಿಳಿಯದು). ಬುಧವಾರ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದಾಗಲೇ ಚಿತ್ರ ನಿಂತದ್ದನ್ನು ಗಮನಿಸಿ ಮಿಕ್ಸಿಯನ್ನು ನಿಷೇಧಿಸಿದೆ. ಆದರೂ ನಿಂತಿತು. ಇಸ್ತ್ರಿಪೆಟ್ಟಿಗೆಯನ್ನು ನಿಷೇಧಿಸಿದೆ. ಆಮೇಲೆ ಫ್ರಿಜ್ಜು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದಳು ಹೆಂಡತಿ, ಸುಕ್ಕುಗಟ್ಟಿದ ನನ್ನ ಅಂಗಿ ಮಡಚುತ್ತ. "ಹಾಲು ಒಡೀತು. ಇನ್ನೇನಾದ್ರೂ ಆರಿಸೋದಿದ್ಯಾ?"

ಶುಕ್ರವಾರ ಸತ್ಯದರ್ಶನವಾಯಿತು. ಟಿ.ವಿ. ಕಾರ್ಡಿನಿಂದ ಕಂಪ್ಯೂಟರಿನ ಧ್ವನಿಯ ಭಾಗಕ್ಕೆ ಒಂದು ಸಣ್ಣ ವೈರು ಹೋಗುತ್ತಿತ್ತು. ಅದನ್ನು ಎಳೆದುಹಾಕಿದೆ. ಕಾರ್ಡು ಎರಡು ಗಂಟೆ ಅಲುಗದೆ ಓಡಿತು. ನಾನು ಹೆಂಡತಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ.

"ಧ್ವನಿನೇ ಇಲ್ವಲ್ರೀ," ಎಂದಳು.

"ಅದು ಒಳಗೊಳಗೇ ದಾಖಲಾಗುತ್ತೆ. ಹೊರಗೆ ಕೇಳಿಸಲೇಬೇಕು ಅಂತೇನಿಲ್ಲ. ಮೂಲೇಲಿ ಹಸಿರು ಪಟ್ಟಿ ಕಾಣ್ತಿದ್ಯಾ? ಧ್ವನಿ ಒಳಗೆ ಹೋದಾಗಲೆಲ್ಲ ಅದು ಕುಣಿಯುತ್ತೆ."

ನಾನು ಹೇಳುತ್ತಿದ್ದಂತೆಯೇ ಪಟ್ಟಿ ಕುಣಿಯಿತು.

"ಒಂದು ಸಲ ಹಾಕಿ ಕೇಳಿಬಿಡಿ."

"ಕುಣಿಯೋದು ಕಣ್ಣಿಗೆ ಕಾಣ್ತಿರುವಾಗ ಕಿವಿಗೇನು ಕೆಲಸ?" ಎಂದು ಗದರಿದೆ. ಪಟ್ಟಿ ಇನ್ನೂ ಜೋರಾಗಿ ಕುಣಿಯಿತು.

ಶನಿವಾರ ಹೆಂಡತಿ ಸ್ಟುಡಿಯೋಗೆ ಹೋದಳು. ಅವಳ ತಮ್ಮ, ಅಂದರೆ ನನ್ನ ಭಾವಮೈದ, ಅಕ್ಕನನ್ನು ನೋಡಲು ನಮ್ಮ ಮನೆಗೆ ಬಂದ. ಮೂರು ಗಂಟೆಗೆ ಸರಿಯಾಗಿ ಅವಳು ಪರದೆಯ ಮೇಲೆ ಪ್ರತ್ಯಕ್ಷಳಾದಳು.

"ಭಾವ, ಅಕ್ಕ ಏನು ಹೇಳ್ತಿದಾಳೆ ಅಂತಾನೇ ಗೊತ್ತಾಗ್ತಿಲ್ಲ."

"ಸಂಜೆ ಅವಳ ಜೊತೆಗೇ ಕೇಳೋಣ ಬಿಡು. ಚಿತ್ರ ನೋಡು. ನಿಂತಿತಾ?"

ನಿಲ್ಲಲಿಲ್ಲ. ಇಪ್ಪತ್ತು ನಿಮಿಷ ಒಮ್ಮೆಯೂ ನಿಲ್ಲಲಿಲ್ಲ. ಹೇಗೂ ಕೇಳುವುದೇನೂ ಇರಲಿಲ್ಲವಾದ್ದರಿಂದ ನಾವಿಬ್ಬರೂ ಅದೂ ಇದೂ ಮಾತಾಡುತ್ತ ಕೂತೆವು. ಹಸಿರು ಪಟ್ಟಿ ಪೂರ್ತಿ ಹೊತ್ತು ಕುಣಿಯಿತು.

ಹೆಂಡತಿ ಬಂದವಳು ಮುಖದ ಬಣ್ಣವನ್ನೂ ತೊಳೆಯದೆ ಕಂಪ್ಯೂಟರಿನ ಮುಂದೆ ಕೂತಳು. "ಒಂದು ಕಡೆಯೂ ತಡವರಿಸಲಿಲ್ಲ ಗೊತ್ತಾ," ಎಂದಳು. ನಾನು ಜಂಬದ ಕೋಳಿಯಂತೆ ಎದೆಯುಬ್ಬಿಸಿ ರೆಕಾರ್ಡು ಹಾಕಿದೆ. ಪರದೆಯ ಮೇಲೆ ಅವಳು ನಕ್ಕಳು, ಬಾಯಿ ತೆರೆದಳು. ಗಂಡುಧ್ವನಿ ಹೊರಟಿತು:

"ನಿಮ್ಮಕ್ಕನ ಬಾಯಿ ಇಷ್ಟು ಹೊತ್ತು ಮುಚ್ಚಿಸಿದ ಗಂಡಸು ಪ್ರಪಂಚದಲ್ಲಿ ನಾನೊಬ್ಬನೇ ಕಣೋ."

"ಹೂಂ ಭಾವ," ಎಂದಿತು ಇನ್ನೊಂದು ಧ್ವನಿ.

ಮಾನಿಟರಿನ ನೆತ್ತಿಯ ಮೇಲೆ ನಾನೇ ಎಂದೋ ಸಿಕ್ಕಿಸಿದ್ದ ಸಣ್ಣ ಮೈಕು ಆಗ ನನ್ನ ಕಣ್ಣಿಗೆ ಬಿತ್ತು. ಟಿ.ವಿ.ಯ ಧ್ವನಿ ಬರುವ ದಾರಿಯನ್ನೇ ಕಿತ್ತುಹಾಕಿದ್ದೆನಲ್ಲ, ಕಂಪ್ಯೂಟರು ನಿಷ್ಠೆಯಿಂದ ಮೈಕಿನ ಧ್ವನಿ ಹಿಡಿದಿತ್ತು. ನಾನು ಗುಂಡಿ ಒತ್ತಲು ಕೈ ಚಾಚಿದೆ.

"ನಿಲ್ಲಿಸಬೇಡಿ," ಎಂದಳು ಹೆಂಡತಿ.

ಪರದೆಯ ಮೇಲೆ ಅವಳು ಹೂವಿನ ಬಟ್ಟೆಯ ಚೀಲವೊಂದನ್ನು ಎತ್ತಿ ಹಿಡಿದು ನನ್ನ ಧ್ವನಿಯಲ್ಲಿ ಹೇಳಿದಳು: "ಇಂಥದ್ದೇ ಒಂದು ನನಗೂ ಹೊಲಿದುಕೊಟ್ಟಿದಾಳೆ. ಬಸ್ ಸ್ಟಾಪಿನ ತನಕ ಹೆಗಲಿಗೆ ಹಾಕ್ಕೊಂಡು ಹೋಗ್ತೀನಿ, ಆಮೇಲೆ ಮಡಚಿ ಪ್ಯಾಂಟಿನ ಜೇಬಿಗೆ. ಆಫೀಸಲ್ಲಿ ಯಾರಾದ್ರೂ ನೋಡಿದ್ರೆ ಮಾನ ಉಳಿಯುತ್ತಾ?" ಹೇಳಿ, ಪ್ರೇಕ್ಷಕರಿಗೆ ತಲೆದೂಗಿದಳು.

ಈಗಲಾದರೂ ಚಿತ್ರ ಕಲ್ಲಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಎಲ್ಲಿಂದ ಆಗುತ್ತದೆ? ನನ್ನ ಚಿಕಿತ್ಸೆಯಿಂದ ರೋಗಿ ಪೂರ್ಣ ಗುಣಮುಖನಾಗಿದ್ದ. ಇಪ್ಪತ್ತು ನಿಮಿಷವೂ ನಾನು ಮಾತಾಡಿದೆ. ಅವಳ ಎರಡು ವಾರದ ಶ್ರಮದಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ನೋಡಿ ನಾನು ಅವಳ ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ತಪ್ಪಾಯಿತು ಎಂದೆ. ಮದುವೆಯಾದ ಮೇಲೆ ಈ ಶಬ್ದವನ್ನು ನಾನು ಬಳಸಿದ್ದು ಅದೇ ಮೊದಲು.

ಅವಳು ಕಣ್ಣೊರೆಸಿಕೊಂಡಳು. "ಮಾತೆಲ್ಲ ಇನ್ನೂ ನನ್ನ ಬಾಯಲ್ಲೇ ಇದೆ. ಈ ಮೈಕಲ್ಲಿ ಈಗ ಹೇಳಿದ್ರೆ ಈ ಚಿತ್ರಕ್ಕೆ ಸೇರಿಸಬಹುದಾ?"

"ಧಾರಾಳವಾಗಿ. ಆ ವಿದ್ಯೆಯಲ್ಲಂತೂ ನನ್ನನ್ನು..."

"ಎಲ್ಲಿ ಒತ್ತಬೇಕು ಅಂತ ನನ್ನ ತಮ್ಮನಿಗೆ ತೋರಿಸಿ, ನೀವು ಹೊರಗೆ ನಡೀರಿ."

ಚಪ್ಪಲಿಗಳ ಪಕ್ಕದಲ್ಲಿ ನಿಂತು ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟೆ. ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ, ನನ್ನ ಹೆಂಡತಿ ಎಂದು ಹೆಮ್ಮೆಯಾಯಿತು. ನಡುವೆ ಒಂದು ಕಡೆ ಮಾತು ನಿಂತಿತು. ಹೂವಿನ ಚೀಲ ಎತ್ತುವ ಜಾಗವಿರಬೇಕು. ನಂತರ ಕನ್ನಡಿಯ ಮುಂದೆ ಒಮ್ಮೆಯೂ ಹೇಳಿರದ ಮಾತು ಕೇಳಿಸಿತು:

"ಈ ಚೀಲ ಅಂದ್ರೆ ನಮ್ಮ ಮನೆಯವರಿಗೆ ಪ್ರಾಣ. ದಿನಾ ಆಫೀಸಿಗೆ ಇದನ್ನೇ ಹಾಕ್ಕೊಂಡು ಹೋಗ್ತಾರೆ. ಯಾರು ಕೇಳಿದ್ರೂ ಒಳಜೇಬು ಹೇಗೆ ಹೊಲೀಬೇಕು ಅಂತ ಅವರೇ ವಿವರಿಸಿ ಹೇಳ್ತಾರೆ."

ಸೋಮವಾರ ಭಾವಮೈದ ತನ್ನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆ ರೆಕಾರ್ಡಿನ ಒಂದು ಪ್ರತಿಯನ್ನು ನನಗಿಂತ ಮೊದಲೇ ನಮ್ಮ ಆಫೀಸಿಗೆ ತಲುಪಿಸಿದ್ದ. ನಾನು ಹೂವಿನ ಚೀಲವನ್ನು ಹೆಗಲಿಗೇರಿಸಿಕೊಂಡು ಒಳಗೆ ಕಾಲಿಟ್ಟಾಗ ಎಲ್ಲರೂ ಕುರ್ಚಿ ತಿರುಗಿಸಿಕೊಂಡು ಕಾಯುತ್ತಿದ್ದರು. ಮ್ಯಾನೇಜರು ಸೂಜಿ, ದಾರ ಮತ್ತು ಒಂದು ತುಂಡು ಬಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು, "ಹೂಂ, ಒಳಜೇಬಿನಿಂದ ಶುರುಮಾಡಿ," ಎಂದರು.