ಟೊಮ್ಯಾಟೊ ಕೊಳ್ಳುವವನ ಪಾತ್ರ

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಗಾಂಧಿ ಬಜಾರಿನಿಂದ ಸೊಪ್ಪು ತರುವುದು ನೆನಪಾಗುತ್ತಿತ್ತು. ಹಾಗೆಯೇ ಮುಂದೂಡಿಕೊಂಡು ಬಂದೆ. ಇವತ್ತು ಮನೆ ತುಂಬ ಸೊಪ್ಪಿದೆ; ನೆಪ ಉಳಿದಿಲ್ಲ.

ನನ್ನ ನಾದಿನಿಗೆ, ಅಂದರೆ ನನ್ನ ಹೆಂಡತಿಯ ತಂಗಿಗೆ, ತಲೆ ಸ್ವಲ್ಪ ಕೆಟ್ಟಿದೆ ಎಂಬುದು ಚಾಮರಾಜಪೇಟೆಯ ನಮ್ಮ ಬೀದಿಯ ತೀರ್ಮಾನ. ಅವಳೀಗ ವಿಯೆಟ್ನಾಮಿನ ವಿಶ್ವವಿದ್ಯಾಲಯವೊಂದರಲ್ಲಿ ಇಂಗ್ಲಿಷ್ ಮೇಡಂ. ಪಾಠ ಮಾಡುವುದಿಲ್ಲ, ನಾಟಕ ಆಡಿಸುತ್ತಾಳೆ! ವಿದ್ಯಾರ್ಥಿಗಳಲ್ಲಿ ಒಬ್ಬ ಆಟೋ ಡ್ರೈವರ್, ಒಬ್ಬಳು ಮೀಟರ್ ಹಾಕು ಎಂದು ಜಗಳಕ್ಕೆ ನಿಂತ ಅತ್ತೆ.

"ಅವರಾಗೇ ಮಾತಾಡು ಅಂದ್ರೆ ನಾಚ್ಕೋತಾರೆ ಭಾವ. ಅತ್ತೆ ಮಾಡ್ಬಿಟ್ರೆ ಹೆಂಗೆ ಬೈತಾರೆ ಗೊತ್ತಾ!"

ಈ ಹುಚ್ಚು ಶುರುವಾದದ್ದು ನಮ್ಮ ಮನೆಯಲ್ಲೇ. ಆಗವಳು ನಮ್ಮ ಜೊತೆ ಇದ್ದು ಇಲ್ಲಿನ ಕಾಲೇಜೊಂದರಲ್ಲಿ ಕಲಿಸುತ್ತಿದ್ದಳು. ಬೆಳಿಗ್ಗೆ ಹಾಲಿನವನು ಬಂದರೆ ನನ್ನ ಹೆಂಡತಿ ಡಾಕ್ಟರು, ಅವನು ರೋಗಿ. ಕೊನೆಗೆ ಅವನೇ ಬಾಗಿಲಲ್ಲಿ ಕೂಗುತ್ತಿದ್ದ: "ಮೇಡಂ, ಇವತ್ತು ಯಾವ ಕಾಯ್ಲೆ ಕೊಡ್ತೀರ?"

ನನಗೆ ಮಾತ್ರ ಪಾತ್ರವೆಂದರೆ ಭಯ. ಸುಲ್ತಾನ್‌ಪೇಟೆಯಲ್ಲಿ ಮದುವೆ ಪತ್ರಿಕೆಯ ಅಂಗಡಿ ಇಟ್ಟವನು ನಾನು, ಓದಿದ್ದು ಎಸ್ಸೆಸ್ಸೆಲ್ಸಿ. ನನ್ನ ಇಂಗ್ಲಿಷು 'ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್' ಎಂದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಆದರೂ ಬೀದಿಯಲ್ಲಿ ಇಂಗ್ಲಿಷ್ ಬಲ್ಲವನೆಂಬ ಹೆಸರು!

ಒಮ್ಮೆ ಬೇರೊಂದು ದೇಶದ ವಿಶ್ವವಿದ್ಯಾಲಯದವರು ಕೆಲಸ ಕೊಡುವ ಮುಂಚೆ ಕಂಪ್ಯೂಟರಿನಲ್ಲೇ ಅವಳ ಪಾಠ ನೋಡುತ್ತೇವೆ ಎಂದರು. ಅವಳ ವರ್ಷಗಟ್ಟಲೆಯ ಆಸೆ. ಆ ಪಾಠದಲ್ಲಿ ಅವಳು ತರಕಾರಿ ಮಾರುವವಳು, ನಾನು ಟೊಮ್ಯಾಟೊ ಕೊಳ್ಳುವವನು. ಅಭ್ಯಾಸದಲ್ಲಿ ಸಲೀಸಾಗಿ ಚೌಕಾಸಿ ಮಾಡಿದ್ದೆ. ಅವತ್ತು ಪರದೆಯ ಮೇಲೆ ಆ ದೊರೆಗಳ ಮುಖ ಕಂಡದ್ದೇ ನಾಲಿಗೆ ಅಂಗುಳಿಗೆ ಅಂಟಿತು. ಮೇಜಿನ ಕೆಳಗೆ ಇಂಟರ್‌ನೆಟ್ಟಿನ ವೈರಿತ್ತು. ಕಾಲ್ಬೆರಳಿನಿಂದ ಎಳೆದುಬಿಟ್ಟೆ!

"ಅಯ್ಯೋ, ನೆಟ್ ಹೋಯ್ತಲ್ಲ ಭಾವ!"

"ಈ ನೆಟ್ಟಿನೋರಿಗೆ ಮಾನ ಮರ್ಯಾದೆ ಇಲ್ಲ ಕಣಮ್ಮ" ಎಂದೆ. ಎಂಥ ಅಭಿನಯ! ರಿಪೇರಿಯವನು ಬಂದಾಗ ಎಲ್ಲರಿಗಿಂತ ಜೋರಾಗಿ ಬೈದವನೂ ನಾನೇ.

ಕೆಲಸ ಬೇರೆಯವರ ಪಾಲಾಯಿತು. ವಿಯೆಟ್ನಾಮಿನವರು ಕರೆಯುವ ತನಕ ಹಾಲಿನವನಿಗೆ ಒಂದು ನೆಗಡಿಯೂ ಬರಲಿಲ್ಲ.

ಹೋದ ತಿಂಗಳು ತನ್ನ ತರಗತಿಗೆ ವಿಡಿಯೋದಲ್ಲಿ ನನ್ನನ್ನೂ ಎಳೆದಳು. "ನೀವು ಪಕ್ಕದ್ಮನೆ ತಾತ. ಹೂಕುಂಡ ಒಡೆದಾಕಿದೀರ. ಓನರಮ್ಮನ ಹತ್ರ ಸಾರಿ ಕೇಳ್ಬೇಕು, ಅಷ್ಟೆ." ಓನರಮ್ಮ ಅವಳ ಒಬ್ಬ ವಿದ್ಯಾರ್ಥಿನಿ.

"ಐ ಡಿಡ್ ಇಟ್. ಐ ವಾಸ್ ಅಫ್ರೇಡ್. ಸಾರಿ" ಎಂದೆ. ಅಷ್ಟಕ್ಕೇ ಕಣ್ಣು ತುಂಬಿತು. ಆ ಹುಡುಗಿ ಕೂಡಲೇ ಕ್ಷಮಿಸಿಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ.

"ಭಾವ, ಅಳೋದು ನಾನ್ ಹೇಳ್ಕೊಟ್ಟಿರ್ಲಿಲ್ವಲ್ಲ! ಸಖತ್ತಾಗ್ ಮಾಡಿದ್ರಿ" ಎಂದು ನಾದಿನಿ ನಕ್ಕಳು. ನಾನೂ ನಕ್ಕೆ. "ಊಟ ಆಯ್ತಾ?" ಎಂದಳು. "ಆಯ್ತಮ್ಮ" ಎಂದೆ.

ಕಂಡು ಕೇಳರಿಯದ ಹುಡುಗಿಯೊಬ್ಬಳು ನನ್ನನ್ನು ಕ್ಷಮಿಸಿದ್ದಾಳೆ. ಕ್ಷಮಿಸಬೇಕಾದವಳಿಗೆ ಏನಾಯಿತೆಂದೇ ಗೊತ್ತಿಲ್ಲ. ನನ್ನ ಮದುವೆಯ ದಿನ ಇನ್ನೂ ಪುಟ್ಟ ಹುಡುಗಿಯಾಗಿದ್ದ ಈ ನಾದಿನಿ ಮಂಟಪದಲ್ಲಿ ನನ್ನ ತೊಡೆಯ ಮೇಲೇ ನಿದ್ದೆ ಹೋಗಿದ್ದಳು. ಅವಳಿಗೆ ಎಚ್ಚರವಾದೀತೆಂದು ಪುರೋಹಿತರು ಮಂತ್ರವನ್ನು ಪಿಸುಗುಟ್ಟಿದ್ದರು.

ಅವಳ ಹೆಸರು ವನಜ.